ನಾಲ್ಕು ಇಂಚು

ಮಾರ್ಚ್ 3, ಸೋಮವಾರ

ಯಜಮಾನರು ಹೋಗಿ ಇಂದಿಗೆ ಇಪ್ಪತ್ತೆರಡು ದಿನ. ಹೆತ್ತ ಅಪ್ಪನನ್ನು ಯಜಮಾನರು ಎನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಫ್ರೇಮಿನ ಅಂಗಡಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಮಗಳೆಂದು ನನಗೇನೂ ರಿಯಾಯಿತಿ ಇರಲಿಲ್ಲ. ಕಟ್ಟಡದ ಮಾಲೀಕರು ಈ ತಿಂಗಳೊಳಗೆ ಅಂಗಡಿಯನ್ನೂ ಅದರ ಹಿಂದಿನ ನಮ್ಮ ಮನೆಯನ್ನೂ ಖಾಲಿ ಮಾಡಿ ಎಂದಿದ್ದಾರೆ. ಒಡೆದು ಹೊಸದು ಕಟ್ಟುತ್ತಾರಂತೆ. ಅಣ್ಣ ತನ್ನ ಮನೆಯಲ್ಲಿ ನನಗೊಂದು ಕೋಣೆ ಇದೆ ಎಂದಿದ್ದಾನೆ. ಇಸ್ತ್ರಿ ಮೇಜು ಇರುವ ಕೋಣೆ. ಇನ್ನು ಮೇಲೆ ನಾನೂ ಆ ಮೇಜೂ ಹೊಂದಿಕೊಂಡು ಹೋಗಬೇಕು.

ಇಂದು ಕೆಲಸದ ಮೇಜಿನ ಖಾನೆ ಬರಿದು ಮಾಡಿದೆ. ಬಗ್ಗಿದ ಮೊಳೆಗಳು, ಒಣಗಿದ ಗೋಂದು, ಮೊಂಡು ಬ್ಲೇಡುಗಳು. ತಳದಲ್ಲಿ ಹಳೆಯ ಸ್ಟೀಲ್ ಟೇಪು. ಅದರ ಮೊದಲ ನಾಲ್ಕು ಇಂಚು ಎಂದೋ ಮುರಿದುಹೋಗಿ, ಅದು ನಾಲ್ಕರಿಂದಲೇ ಶುರುವಾಗುತ್ತದೆ. ಟೇಪು ಮೂವತ್ನಾಲ್ಕು ಎಂದರೆ ನಿಜವಾದ ಅಳತೆ ಮೂವತ್ತು. ಯಜಮಾನರು ಬಹಳ ಕಾಲ ಹೊಸದು ತರಲಿಲ್ಲ, ಟೇಪು ಹಿಡಿದವರಿಗೆಲ್ಲ "ನಾಲ್ಕು ಕಳಿ, ನಾಲ್ಕು ಕಳಿ" ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು.

ಹದಿನಾರನೆಯ ವಯಸ್ಸಿಗೆ ಅಂಗಡಿಯ ಅಳತೆಯೆಲ್ಲ ನನ್ನದೇ. ಅಳೆದು ಚೀಟಿಯಲ್ಲಿ ಬರೆದುಕೊಡುವುದು ನಾನು, ಕತ್ತರಿಸುವುದು ಅವರು. ಒಂದು ಬೆಳಿಗ್ಗೆ ಯಾವ ಕಾರಣವನ್ನೂ ಹೇಳದೆ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ಗಾಜು ಒರೆಸುವ ಬಟ್ಟೆ ಕೊಟ್ಟರು. ಅದೇ ವಾರ ಹೊಸ ಟೇಪೂ ಬಂತು, ನನ್ನ ಕೈಗೆ ಮಾತ್ರ ಬರಲಿಲ್ಲ. ಏನು ತಪ್ಪು ಮಾಡಿದೆ ಎಂದರೆ, "ನಿನ್ನ ಕೈ ಗಾಜಿಗೆ ಚೆನ್ನಾಗಿದೆ" ಎಂದರು. ಇಪ್ಪತ್ತಾರು ವರ್ಷ ಗಾಜು ಒರೆಸಿದ್ದೇನೆ. ಅವರು ಹೋದದ್ದಕ್ಕೆ ನನಗೆ ಅಳು ಬರಲಿಲ್ಲವೆಂದು ಅತ್ತಿಗೆ ಯಾರದೋ ಹತ್ತಿರ ಹೇಳಿದಳಂತೆ. ಬಾರದ್ದನ್ನು ಎಲ್ಲಿಂದ ತರಲಿ?

ಮಾರ್ಚ್ 5, ಬುಧವಾರ

ಗಾಜಿನ ಪೆಟ್ಟಿಗೆಗಳ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಒಂದು ಚಿತ್ರ ಸಿಕ್ಕಿತು. ಹಳೆಯ ಬೆಡ್‌ಶೀಟು ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದ್ದರು. ದಪ್ಪ ರಟ್ಟಿನ ಮೇಲೆ ಎಣ್ಣೆ ಬಣ್ಣ, ಫ್ರೇಮಿಲ್ಲ. ಯಾರೋ ಕಟ್ಟು ಹಾಕಿಸಲು ಕೊಟ್ಟು ಮರೆತದ್ದಿರಬೇಕು.

ಒಂದು ಸಣ್ಣ ಅಂಗಳ. ಹಳದಿ ಬೆಳಕು. ಬಲಗಡೆ ಬಟ್ಟೆ ಒಗೆಯುವ ಕಲ್ಲು, ಬೋರಲು ಹಾಕಿದ ಬಕೆಟ್ಟು, ಹಿಂದೆ ಸುಣ್ಣ ಎದ್ದುಹೋದ ಗೋಡೆ. ಎಡ ಅಂಚಿನಿಂದ ಅಂಗಳದೊಳಕ್ಕೆ ಒಂದು ನೆರಳು ಉದ್ದವಾಗಿ ಬಿದ್ದಿದೆ. ಮನುಷ್ಯರ ನೆರಳು. ನೆರಳಿನವರು ಚಿತ್ರದಲ್ಲಿಲ್ಲ. ಅವರು ಇನ್ನೇನು ಒಳಗೆ ಬರುತ್ತಾರೆ, ಬಂದು ಏನೋ ಹೇಳುತ್ತಾರೆ, ಅಷ್ಟರಲ್ಲಿ ಚಿತ್ರ ನಿಂತುಬಿಟ್ಟಿದೆ.

ನಮ್ಮ ಕಸುಬಿನವರಿಗೆ ಚಿತ್ರಗಳ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಬಣ್ಣಕ್ಕೆ ಗೀರು ಬೀಳದಿರಲೆಂದು ಮೇಜಿನ ಮೇಲೆ ಬೋರಲು ಹಾಕಿ, ಬೆನ್ನಿಗೆ ಗೆರೆ ಎಳೆದು, ಅಲ್ಲಿಂದಲೇ ಕತ್ತರಿಸುತ್ತೇವೆ. ಸಾವಿರ ಚಿತ್ರಗಳು ಈ ಮೇಜು ದಾಟಿ ಹೋಗಿವೆ, ಒಂದರ ಎದುರೂ ನಾನು ಕುರ್ಚಿ ಎಳೆದುಕೊಂಡು ಕೂತವಳಲ್ಲ. ಇಂದು ಕೂತೆ. ಎದ್ದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಎಡ ಅಂಚಿನಲ್ಲಿ ಉಗುರಿನಷ್ಟು ಒಂದು ಕಂದು ಕಲೆಯಿದೆ. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ.

ಮಾರ್ಚ್ 6, ಗುರುವಾರ

ಚಿತ್ರವನ್ನು ಮನೆಯೊಳಗೆ ತಂದು ಮಂಚದ ಎದುರು ನಿಲ್ಲಿಸಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ನೆರಳು ಎಲ್ಲಿಯವರೆಗೆ ಬಂದಿದೆ ಎಂದು ನೋಡಿದೆ. ನಿನ್ನೆ ಇದ್ದಲ್ಲೇ ಇತ್ತು. ನಲವತ್ತೆರಡು ವರ್ಷದವಳು ಮಾಡುವ ಕೆಲಸವೇ ಇದು?

ಮಾರ್ಚ್ 9, ಭಾನುವಾರ

ಅಣ್ಣ ಬಂದು ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿದ. ಅಡುಗೆಮನೆ ಬಾಗಿಲಿಗೂ ಬಚ್ಚಲ ಬಾಗಿಲಿಗೂ ನಡುವಿನ ಕಿರಿದಾದ ಗೋಡೆಯ ಮುಂದೆ ನಿಂತು, "ಕಡ್ಡಿ ಅತ್ತೆ ನನಗೆ ಬೇಕು ಕಣೇ, ಇವಳನ್ನ ನಾನೇ ತಗೊಂಡು ಹೋಗ್ತೀನಿ" ಎಂದ.

ಕಡ್ಡಿ ಅತ್ತೆ ನಮ್ಮ ಮನೆಯ ಹಳೆಯ ತಮಾಷೆ. ನಾಲ್ಕು ಬೆರಳಗಲ, ಮೊಣಕೈಯುದ್ದ ಎನ್ನುವಂಥ ಸಪೂರ ಚಿತ್ರ, ಅದರೊಳಗೆ ಸಪೂರವಾಗಿ ನಿಂತ ಒಬ್ಬ ಹೆಂಗಸು. ಕೈಯಲ್ಲಿ ಹಿಂಡಿದ ಬಟ್ಟೆ, ಒಂದು ಪಾದದ ಮೇಲೆ ಇನ್ನೊಂದು ಪಾದ, ಬಿಸಿಲಿಗೋ ಸಿಟ್ಟಿಗೋ ಕಿರಿದಾದ ಕಣ್ಣು. ಇನ್ನೇನು ಬೈಯುತ್ತಾಳೆ ಎಂಬ ಮುಖ. ಒಂದು ಮೊಣಕೈಯ ತುದಿ ಫ್ರೇಮಿನೊಳಗೆ ಸೇರಿಹೋಗಿದೆ. ಯಜಮಾನರು ಎಲ್ಲಿಂದಲೋ ತಂದು ತೂಗುಹಾಕಿದ್ದರು. ಹೆಸರಿಟ್ಟವನು ಅಣ್ಣ. ಅಮ್ಮ ಇದ್ದಾಗ, ಯಾರಾದರೂ ಜಗಳ ಶುರುಮಾಡಿದರೆ "ಶ್, ಅತ್ತೆ ಕೇಳಿಸ್ಕೋತಾಳೆ" ಎನ್ನುತ್ತಿದ್ದಳು.

"ತಗೋ, ಆದ್ರೆ ಕೊನೇ ದಿನ ಇಳಿಸು," ಎಂದೆ. "ಅವಳಿಲ್ದೆ ಈ ಮನೆ ನೋಡಕ್ಕಾಗಲ್ಲ."

ಅಂಗಳದ ಚಿತ್ರವನ್ನೂ ತೋರಿಸಿದೆ. "ಖಾಲಿ ಅಂಗಳ. ಇದರಲ್ಲಿ ಏನಿದೆ?" ಎಂದ. ಯಾರೋ ಬರುತ್ತಿದ್ದಾರಲ್ಲ ಎಂದೆ. ಅವನು ನನ್ನ ಮುಖ ನೋಡಿ, ಮಾತು ಬದಲಿಸಿ, ಇಸ್ತ್ರಿ ಮೇಜನ್ನು ಬೇರೆ ಕಡೆ ಹಾಕಿಸಿದೆ ಎಂದು ಹೇಳಿದ. ನನ್ನ ಮೇಲೆ ಅವನಿಗೆ ಕನಿಕರ ಬಂದಿದೆ. ನನಗೆ ಸಿಟ್ಟು ಬಂತು.

ಮಾರ್ಚ್ 11, ಮಂಗಳವಾರ

ಚಿತ್ರದ ಬೆನ್ನಿನ ಮೇಲೆ, ಕೆಳಗಡೆ, ಪೆನ್ಸಿಲ್ ಅಕ್ಷರ. ದೀಪ ಹಿಡಿದು ಓದಿದೆ. ಒಂದು ಶಾಲೆಯ ಹೆಸರು, 'ಡ್ರಾಯಿಂಗ್ ಟೀಚರ್' ಎಂಬ ಎರಡು ಶಬ್ದ. ಅಷ್ಟೆ.

ಬಿಟ್ಟುಬಿಡಬಹುದು. ವಾರಸುದಾರರಿಲ್ಲದ ಮಾಲು ಅಂಗಡಿಗೆ ಸೇರಿದ್ದು. ಆದರೆ ಇದನ್ನು ಬರೆದ ಕೈಯನ್ನು ಒಮ್ಮೆ ನೋಡಬೇಕು, ಆ ನೆರಳು ಯಾರದೆಂದು ಕೇಳಬೇಕು ಎಂಬ ಆಸೆ ಹುಟ್ಟಿದೆ. ಚಿತ್ರ ನಿಮ್ಮಲ್ಲೇ ಇರಲಿ ಎಂದು ಅವರೇ ಹೇಳುವ ಹಾಗೆ ಮಾಡಬೇಕೆಂಬ ಆಸೆಯೂ ಜೊತೆಗೇ ಇದೆ. ದಿನಚರಿಯಲ್ಲಾದರೂ ಸುಳ್ಳು ಬೇಡ. ಎರಡನೆಯದೇ ಮೊದಲನೆಯದು.

ಮಾರ್ಚ್ 13, ಗುರುವಾರ

ಶಾಲೆಯವರು ವಿಳಾಸ ಕೊಟ್ಟರು. ಟೀಚರ್ ನಿವೃತ್ತರಾಗಿ ಹತ್ತು ವರ್ಷವಾಯಿತಂತೆ. ರೈಲ್ವೆ ಹಳಿಯ ಆಚೆ, ಗಲ್ಲಿಯ ಕೊನೆಯ ಮನೆ. ಬಾಗಿಲು ತೆರೆದವರು ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಬೆರಳಲ್ಲಿ ಸಣ್ಣ ನಡುಕ.

"ನಾನು ಫ್ರೇಮಿನ ಅಂಗಡಿಯಿಂದ ಬಂದಿದೀನಿ," ಎಂದೆ.

"ಯಾವ ಅಂಗಡಿ?"

ಹೇಳಿದೆ. ಅವರ ಮುಖ ಬಿಗಿಯಿತು.

"ಆತ ಇದಾನಾ?"

"ಹೋದ್ ತಿಂಗಳು ತೀರ್ಕೊಂಡ್ರು. ನಾನು ಮಗಳು."

"ಹಾಗಾದ್ರೆ ನಿನ್ ಹತ್ರ ಜಗಳ ಆಡಿ ಏನು ಉಪಯೋಗ," ಎಂದು ಬಾಗಿಲು ಹಾಕಿಕೊಂಡರು.

ಯಜಮಾನರ ಮೇಲೆ ನನ್ನೊಬ್ಬಳಿಗೇ ದೂರು ಇದೆ ಎಂದುಕೊಂಡಿದ್ದೆ. ವಾಪಸ್ಸು ಬರುವಾಗ, ನಾಚಿಕೆಗೇಡಿನ ಮಾತು, ಒಂದು ರೀತಿಯ ಸಮಾಧಾನವೂ ಆಯಿತು.

ಮಾರ್ಚ್ 16, ಭಾನುವಾರ

ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಗಲಲ್ಲಿ ಹಿಡಿದು ಮತ್ತೆ ಹೋದೆ. ಈ ಸಲ ಅವರು ಬಾಯಿ ತೆರೆಯುವ ಮೊದಲೇ ಹೊಸ್ತಿಲಲ್ಲಿ ನಿಂತು ಬಿಚ್ಚಿ ತೋರಿಸಿದೆ.

ಅವರು ಕೂಗಲಿಲ್ಲ, ಮುಟ್ಟಲೂ ಇಲ್ಲ. ಬಗ್ಗಿ ಎಡ ಅಂಚನ್ನೇ ನೋಡಿದರು.

"ಅವಳೆಲ್ಲಿ?"

"ಯಾರು, ಮೇಡಂ?"

"ನನ್ ತಂಗಿ. ಇಲ್ಲಿ ನಿಂತಿದ್ಲಲ್ಲ. ಅವಳೆಲ್ಲಿ?"

ಒಳಗೆ ಕರೆದರು. ಹಿಂದಿನ ಬಾಗಿಲು ತೆರೆದಿತ್ತು. ಅದರಾಚೆ ಅದೇ ಅಂಗಳ, ಅದೇ ಕಲ್ಲು. ಬಕೆಟ್ಟು ಮಾತ್ರ ಪ್ಲಾಸ್ಟಿಕ್ಕಿನದು. ಅವರು ನಿಧಾನವಾಗಿ ಹೇಳಿದರು. ತಂಗಿಗೆ ಕಾಯಿಲೆ ಎಂದು ಗೊತ್ತಾದ ತಿಂಗಳು ಬರೆದ ಚಿತ್ರವಂತೆ. ಫೋಟೋ ಎಂದರೆ ಓಡಿಹೋಗುವವಳು, ಅಕ್ಕ ಬರೆಯುತ್ತಾಳೆಂದು ಮೂರು ದಿನ ಬೈದುಕೊಂಡೇ ನಿಂತಳಂತೆ. ರಟ್ಟಿನ ಎಡಕ್ಕೆ ಬರಿಯ ಅಂಚು ಉಳಿದಿತ್ತು. ಬಣ್ಣ ಇರುವಷ್ಟನ್ನು ಅಳೆದು, ಬರಿ ಅಂಚು ಕತ್ತರಿಸಿ ಕಟ್ಟು ಹಾಕಿ ಎಂದು ನಮ್ಮ ಅಂಗಡಿಗೆ ಕೊಟ್ಟರು. ಮೂವತ್ತು ಇಂಚಿನ ಚಿತ್ರ.

"ಮುಂದಿನ ವಾರ ಬನ್ನಿ, ಮುಂದಿನ ವಾರ ಬನ್ನಿ ಅಂತ ಎರಡು ತಿಂಗಳು ಅಲೆಸ್ದ. ಕೊನೆಗೆ ಕಳೆದುಹೋಯ್ತು ಅಂತ ಕಾಲಿಗೆ ಬಿದ್ದ. ಅಷ್ಟರಲ್ಲಿ ಅವಳೂ ಹೋಗಿದ್ಲು. ಅವಳ ಮುಖ ಇದ್ದಿದ್ದು ಅದೊಂದ್ರಲ್ಲೇ. ಈಗ ಕಣ್ಣು ಮುಚ್ಚಿದ್ರೆ ನನಗೆ ಅವಳ ಮೂಗು ನೆನಪಾಗಲ್ಲ, ಗೊತ್ತಾ? ಕೈಯಲ್ಲಿ ಹಿಂಡಿದ ಬಟ್ಟೆ ಇತ್ತು. ಒಂದು ಕಾಲ ಮೇಲೆ ಇನ್ನೊಂದು ಕಾಲು ಇಟ್ಕೊಂಡು ನಿಲ್ಲೋಳು, ಕೊಕ್ಕರೆ ಥರ..."

ಅಲ್ಲಿಂದ ಮುಂದೆ ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ನೀರು ಕೊಟ್ಟರು, ಕುಡಿದೆ. ಚಿತ್ರವನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ಅದು ಹೊಳೆಯುವ ಮೊದಲೇ ಸುತ್ತಿಕೊಂಡು ಎದ್ದುಬಿಟ್ಟಿದ್ದೆ, ಅವರೂ ತಡೆಯಲಿಲ್ಲ.

ಮಾರ್ಚ್ 17, ಸೋಮವಾರ

ಇಪ್ಪತ್ತಾರು ವರ್ಷ ದಿನಕ್ಕೆ ಹತ್ತು ಸಲ ಕಡ್ಡಿ ಅತ್ತೆಯ ಮುಂದೆ ಓಡಾಡಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅವಳ ಕಾಲಡಿಗೆ ನೆರಳಿಲ್ಲ ಎಂಬುದನ್ನು ಇಂದು ನೋಡಿದೆ.

ಇಳಿಸಲಿಲ್ಲ.

ಮಾರ್ಚ್ 18, ಮಂಗಳವಾರ

ಇಳಿಸಿದೆ. ಮೇಜಿನ ಮೇಲೆ ಬೋರಲು ಹಾಕಿ ಹಿಂದಿನ ಮೊಳೆಗಳನ್ನು ಕಿತ್ತೆ. ಯಜಮಾನರು ಕತ್ತರಿಸಿರುವುದು, ಬಚ್ಚಿಟ್ಟಿರುವುದು, ಒಬ್ಬ ಸಾಯುವವಳ ಮುಖವನ್ನು ಕದ್ದು ನಮ್ಮ ಬಚ್ಚಲ ಪಕ್ಕ ತೂಗುಹಾಕಿರುವುದು, ಇವೆಲ್ಲಕ್ಕೂ ಸೇರಿಸಿ ಅವರನ್ನು ಮನಸಾರೆ ಬೈಯುವ ಏರ್ಪಾಟಿನಲ್ಲಿದ್ದೆ.

ಬೆನ್ನಿನ ಮೇಲೆ ಒಂದು ಚೀಟಿ ಅಂಟಿಸಿತ್ತು. ಅಂಗಡಿಯ ಅಳತೆ ಚೀಟಿ. ದುಂಡು ದುಂಡಾದ ಅಕ್ಷರದಲ್ಲಿ, 'ಅಗಲ 30.' ಅದರ ಕೆಳಗೆ ಮೊಂಡು ಪೆನ್ಸಿಲಿನಲ್ಲಿ ಅವರು ಮಾಡಿದ ಲೆಕ್ಕ: 30ರಲ್ಲಿ 4 ಹೋದರೆ 26.

ದುಂಡು ಅಕ್ಷರ ನನ್ನದು.

ಟೇಪು ಮೂವತ್ನಾಲ್ಕು ತೋರಿಸಿದೆ. ನಾನು ನಾಲ್ಕು ಕಳೆದು ಮೂವತ್ತು ಎಂದು ಬರೆದಿದ್ದೇನೆ. ಕಳೆದದ್ದನ್ನು ಹೇಳಿಲ್ಲ. ಕಳೆದವರು ಮೂಲೆಯಲ್ಲಿ ಒಂದು ಸರಿ ಗುರುತು ಹಾಕಬೇಕೆಂಬುದು ಅಂಗಡಿಯ ನಿಯಮ, ಗುರುತಿಲ್ಲದಿದ್ದರೆ ಕತ್ತರಿಸುವವರು ಕಳೆಯಬೇಕು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಗುರುತಿಲ್ಲ. ಅವರು ಮತ್ತೆ ನಾಲ್ಕು ಕಳೆದು, ಬೋರಲು ಬಿದ್ದ ಚಿತ್ರಕ್ಕೆ ಹಿಂದಿನಿಂದ ಬ್ಲೇಡು ಎಳೆದಿದ್ದಾರೆ. ತಿರುಗಿಸಿ ನೋಡಿದಾಗ ಅವಳು ಬೇರೆಯಾಗಿದ್ದಳು.

ಅದರ ಮಾರನೆಯ ಬೆಳಿಗ್ಗೆಯೇ ಇರಬೇಕು, ನನ್ನ ಕೈಯಿಂದ ಟೇಪು ಹೋದದ್ದು.

ಇಷ್ಟು ಬರೆಯಲು ಒಂದು ಗಂಟೆ ಹಿಡಿಯಿತು.

ಮಾರ್ಚ್ 19, ಬುಧವಾರ

ಏನೂ ಮಾಡಲಿಲ್ಲ.

ಮಾರ್ಚ್ 22, ಶನಿವಾರ

ಅಣ್ಣನಿಗೆ ಹೇಳಿದೆ. ಅವನು ಚೀಟಿಯನ್ನು ಎರಡು ಸಲ ಓದಿದ.

"ಚಿತ್ರ, ಅತ್ತೆ ಎರಡನ್ನೂ ಕೊಟ್ಬಿಡು. ಚೀಟಿ ಹರಿದುಹಾಕು."

"ಅಪ್ಪಂದೇ ತಪ್ಪು ಅಂದ್ಕೋತಾರೆ."

"ಅಂದ್ಕೊಳ್ಳಲಿ. ಅಪ್ಪ ಇಲ್ವಲ್ಲ. ಅವರೇ ಕಾಲಿಗೆ ಬಿದ್ದು ತಮ್ಮ ಮೇಲೆ ಹಾಕ್ಕೊಂಡಿದ್ದನ್ನ ಈಗ ನೀನು ಕೆದಕಿ ಯಾರಿಗೇನು ಬರಬೇಕು? ನಿನಗೆ ಆಗ ಹದಿನಾರು ವರ್ಷ ಕಣೇ."

"ಹೌದು, ಹದಿನಾರು. ಲೆಕ್ಕ ಬರದ ವಯಸ್ಸಲ್ಲ."

ಅವನ ಮಾತು ತಪ್ಪೆಂದು ಹೇಳಲಾರೆ. ನನಗೂ ಹಾಗೇ ಮಾಡಬೇಕೆನ್ನಿಸಿದೆ. ಟೀಚರ್ ಮನೆಗೆ ಮುಂದಿನ ವಾರ ಹೋದರಾಯಿತು.

ಮಾರ್ಚ್ 24, ಸೋಮವಾರ

'ಮುಂದಿನ ವಾರ' ಎಂದು ಬರೆದದ್ದನ್ನು ಇಂದು ಓದಿ, ಪುಸ್ತಕ ಮುಚ್ಚಿಟ್ಟೆ. ಆದರೂ ಟೀಚರ್ ಮನೆಗೆ ಹೊರಡಲು ಕಾಲು ಬರಲಿಲ್ಲ.

ಅಪ್ಪ ಎರಡು ತಿಂಗಳು ಹೇಗೆ ತಡೆದುಕೊಂಡ? ಟೀಚರ್ ಬಾಗಿಲಲ್ಲಿ ನಿಂತಾಗಲೆಲ್ಲ ನಾನು ಪಕ್ಕದಲ್ಲೇ ಗಾಜು ಒರೆಸುತ್ತ ಕೂತಿದ್ದಿರಬೇಕು. ಒಂದು ಬೆರಳು ಎತ್ತಿ ನನ್ನ ಕಡೆ ತೋರಿಸಿದ್ದರೆ ಮುಗಿಯುತ್ತಿತ್ತು. ಅವನು ತೋರಿಸಲಿಲ್ಲ. ಮನೆಯಲ್ಲಿಯೂ ಒಂದು ಮಾತಾಡಲಿಲ್ಲ. ನನ್ನನ್ನು ನಂಬಲೂ ಇಲ್ಲ, ಅದೂ ನಿಜ. ಒಂದೇ ಒಂದು ಸಲ ಕೂರಿಸಿಕೊಂಡು, "ಹೀಗಾಯ್ತು ಮಗಳೇ, ಗುರುತು ಹಾಕೋದು ಮರೀಬೇಡ" ಎಂದಿದ್ದರೆ ನಾನು ಇನ್ನೊಬ್ಬಳಾಗುತ್ತಿದ್ದೆ. ಆ ಮುಖವನ್ನು ಬಿಸಾಡಲೂ ಆಗದೆ, ಕೊಡಲೂ ಆಗದೆ, ಊಟಕ್ಕೆ ಕೂತಲ್ಲಿಂದ ಕಾಣುವ ಜಾಗದಲ್ಲಿ ತೂಗುಹಾಕಿಕೊಂಡ. ಅವನು ಯಾವಾಗಲೂ ಅಡುಗೆಮನೆಯ ಕಡೆ ಮುಖ ಮಾಡಿಯೇ ಊಟಕ್ಕೆ ಕೂರುತ್ತಿದ್ದ. ಬಡಿಸುವವರ ಮೇಲೆ ಕಣ್ಣು ಎಂದು ನಾವು ನಗುತ್ತಿದ್ದೆವು.

ಇಂದು ಅತ್ತೆ. ತುಂಬ ಅತ್ತೆ. ಅತ್ತಿಗೆಗೆ ಹೇಳುವುದಿಲ್ಲ.

ಮಾರ್ಚ್ 26, ಬುಧವಾರ

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಚಿತ್ರ ಒಂದು ಕೈಯಲ್ಲಿ, ಕಡ್ಡಿ ಅತ್ತೆ ಇನ್ನೊಂದು ಕೈಯಲ್ಲಿ, ಹೆಗಲಿಗೆ ಅಪ್ಪನ ಕೆಲಸದ ಚೀಲ. ಟೀಚರ್ ಅಂಗಳದಲ್ಲಿದ್ದರು. ನಾನು ಎರಡನ್ನೂ ಗೋಡೆಗೆ ಒರಗಿಸಿ, ಅಂಚಿಗೆ ಅಂಚು ಸೇರಿಸಿದೆ. ಉಗುರಿನಷ್ಟಿದ್ದ ಆ ಕಂದು ಕಲೆ ಅವಳ ಮೊಣಕೈಯ ತುದಿಯಾಯಿತು. ನೆರಳು ಪಾದಕ್ಕೆ ಬಂದು ಕೂಡಿತು.

ಟೀಚರ್ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಬೆರಳಿಂದ ಅವಳ ಮೂಗಿನ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಒಂದು ಗೆರೆ ಎಳೆದರು.

"ಇಷ್ಟೇ ಉದ್ದ ಇತ್ತಾ," ಎಂದರು. ಆಮೇಲೆ, "ಎಲ್ಲಿದ್ಲು?"

"ನಮ್ಮನೇಲಿ. ನಾವು ಅವ್ರನ್ನ ಕಡ್ಡಿ ಅತ್ತೆ ಅಂತಿದ್ವಿ."

"ಕಡ್ಡಿ!" ಅವರಿಗೆ ನಗು ಬಂದು, ನಗು ನಡುವಿನಲ್ಲೇ ಕೆಟ್ಟುಹೋಯಿತು. "ನನಗೆ ಒಂದು ಮುಖ ಇಲ್ದೆ ಹೋಯ್ತು, ನಿಮಗೆ ಅವಳು ಅತ್ತೆ ಆದ್ಲು."

ಚೀಟಿ ನನ್ನ ಮುಷ್ಟಿಯಲ್ಲಿತ್ತು. ಅಣ್ಣನ ಮಾತು ಕಿವಿಯಲ್ಲಿತ್ತು. ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮೇಲಿನ ಅಕ್ಷರಕ್ಕೆ ಬೆರಳಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿದ್ದವರು, ಅವರಿಗೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

"ಇದು ಮಕ್ಕಳ ಕೈಬರಹ."

"ನಂದು, ಮೇಡಂ."

ಮುರಿದ ಟೇಪು, ನಾನು ಕಳೆದದ್ದು, ಅಪ್ಪ ಮತ್ತೆ ಕಳೆದದ್ದು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ. "ನಿಮ್ಮಪ್ಪ ಇದನ್ನ ಅವತ್ತೇ ತಂದು ತೋರಿಸಿದ್ರೆ, ಎರಡು ತುಂಡಾದ್ರೂ ಪರವಾಗಿಲ್ಲ, ಅವಳು ಒಂದ್ಸಲ ನೋಡ್ಕೊಂಡು ಹೋಗ್ತಿದ್ಲು," ಎಂದರು.

ನಾನು ಗೋಡೆಯ ಕಡೆ ನೋಡಿದೆ. ಮೂರು ವಾರ ನಾನು ಕಾದು ಕೂತಿದ್ದವರು ಕೊನೆಗೂ ಬಂದಿದ್ದರು. ಯಾರೋ ಎಂದುಕೊಂಡಿದ್ದೆ. ಒದ್ದೆ ಬಟ್ಟೆ ಹಿಡಿದು ಬೈಯಲು ನಿಂತ ನಮ್ಮ ಅತ್ತೆಯೇ ಅದು. ನನ್ನ ಪ್ರೀತಿಯ ಆ ಖಾಲಿ ಅಂಗಳವನ್ನು ಯಾರೂ ಬರೆದಿರಲಿಲ್ಲ, ಅದು ನನ್ನದೇ ಒಂದು ಚೀಟಿಯಿಂದ ಆದದ್ದು. ಆ ಚಿತ್ರ ನನಗೆ ಬೇಕಿತ್ತು. ಈ ಮಾತು ಬರೆಯುವಾಗಲೂ ಬೇಕು ಅನ್ನಿಸುತ್ತಿದೆ.

"ಎರಡನ್ನೂ ಜೋಡಿಸಿ ಒಂದೇ ಫ್ರೇಮ್ ಹಾಕಿ ಕೊಡ್ತೀನಿ, ಮೇಡಂ. ಅಂಗಡಿ ಸೋಮವಾರದವರೆಗೆ ಇದೆ. ಒಂದು ನಾಲ್ಕು ದಿನ..."

"ಇವಳು ಇನ್ನೊಂದ್ಸಲ ಆ ಅಂಗಡಿ ಮೆಟ್ಟಿಲು ಹತ್ತಲ್ಲ. ಇಲ್ಲೇ ಮಾಡು, ನನ್ ಕಣ್ಣೆದುರಿಗೆ."

"ಮರದ ಪಟ್ಟಿ ತರಬೇಕು."

"ನಾಳೆ ತಗೊಂಡು ಬಾ. ಅಳತೆ ಇವತ್ತು ತಗೋ. ನೀನೇ ತಗೋ."

ಚೀಲಕ್ಕೆ ಕೈಹಾಕಿದೆ. ಹೊಸ ಟೇಪನ್ನು ಅಣ್ಣ ಆಗಲೇ ತನ್ನ ಮನೆಗೆ ಸಾಗಿಸಿದ್ದ. ಚೀಲದಲ್ಲಿದ್ದದ್ದು ಹಳೆಯದು. ಟೀಚರ್ ಅದರ ಮುರಿದ ತುದಿ ನೋಡಿದರು, ನನ್ನ ಮುಖ ನೋಡಿದರು, ನನ್ನ ಕೈಗೆ ಚೀಟಿ ಬರೆಯಲು ಒಂದು ಪೆನ್ಸಿಲ್ ಕೊಟ್ಟರು. ಟೇಪಿನ ಆ ತುದಿಯನ್ನು ಅವರೇ ಹಿಡಿದರು.

"ಎಷ್ಟು?"

"ಮೂವತ್ನಾಲ್ಕು ತೋರಿಸ್ತಿದೆ. ಮೂವತ್ತು."

ಬರೆದೆ. ಮೂಲೆಯಲ್ಲಿ ಗುರುತು ಹಾಕಿದೆ. ಅವರು ಚೀಟಿ ಇಸಿದುಕೊಂಡು, ಶಾಲೆಯ ಪುಸ್ತಕ ತಿದ್ದುವವರ ಹಾಗೆ ನೋಡಿ, ವಾಪಸ್ಸು ಕೊಟ್ಟರು.

"ಇನ್ನೊಂದ್ಸಲ ನೋಡು," ಎಂದರು.

ಇನ್ನೊಂದು ಸಲ ಅಳೆದೆ.